ಎಣ್ಣೆ ಮೊದಲೋ, ನೀರು ಮೊದಲೋ

ಹನ್ನೆರಡು ಮಫಿನ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವ ಸಾಮಾನು ಇಷ್ಟು: ಎರಡು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಎರಡು ಮೊಟ್ಟೆ, ಮುಕ್ಕಾಲು ಕಪ್ ಹಾಲು, ಎರಡು ಟೀ ಚಮಚ ಬೇಕಿಂಗ್ ಪೌಡರ್, ಜೊತೆಗೆ ಅರ್ಧ ಕಪ್ ಎಣ್ಣೆ. ಇಷ್ಟರಲ್ಲಿ ಕಣ್ಣಿಗೆ ಕುಕ್ಕುವುದು ಕೊನೆಯದು. ಅರ್ಧ ಕಪ್ ಎಣ್ಣೆಯ ತೂಕ ಸುಮಾರು 110 ಗ್ರಾಂ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊಕ್ಯಾಲೊರಿ ಶಕ್ತಿ ಇದ್ದರೆ ಅಷ್ಟೇ ತೂಕದ ಸಕ್ಕರೆ, ಪಿಷ್ಟ, ಪ್ರೋಟೀನುಗಳಲ್ಲಿ ಇರುವುದು 4. ಅಂದರೆ ಆ ಅರ್ಧ ಕಪ್ಪಿನಿಂದಲೇ 990 ಕಿಲೊಕ್ಯಾಲೊರಿ. ಒಂದೊಂದು ಮಫಿನ್ನಿನ ಪಾಲಿಗೆ ಎಂಬತ್ತಕ್ಕೂ ಹೆಚ್ಚು. (ಇಲ್ಲಿ ಮಫಿನ್ ಎಂದರೆ ಬೇಕಿಂಗ್ ಪೌಡರಿನಿಂದ ಉಬ್ಬುವ, ಪೇಪರ್ ಕಪ್ಪಿನಲ್ಲಿ ಬೇಯುವ ಅಮೆರಿಕದ ಬಗೆ. ಇಂಗ್ಲೆಂಡಿನಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಯೀಸ್ಟ್ ಹಾಕಿ ಹಂಚಿನ ಮೇಲೆ ಬೇಯಿಸಿದ ಚಪ್ಪಟೆ ಬನ್ನು.)

ಈ ಎಣ್ಣೆಯನ್ನು ಕೈಬಿಟ್ಟು ಅಷ್ಟೇ ಅಳತೆಯ ಹಣ್ಣಿನ ತಿರುಳು ಹಾಕಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅಮೆರಿಕದ ಮನೆಗಳಲ್ಲಿ ಬೇಯಿಸಿ ಅರೆದ ಸೇಬು ಹಾಕುತ್ತಾರೆ, ನಮ್ಮಲ್ಲಿ ಕಿವುಚಿದ ಬಾಳೆಹಣ್ಣು. ಸಲಹೆಯನ್ನು ಹೇಳಿದ ಹಾಗೇ ಪಾಲಿಸಿದರೆ ಓವನ್ನಿನಿಂದ ಹೊರಬರುವುದು ಹೀಗಿರುತ್ತದೆ: ಮೇಲ್ಭಾಗ ಬಿಗಿದುಕೊಂಡು ಮಂಕಾಗಿರುತ್ತದೆ, ಪೇಪರ್ ಬಿಡಿಸಲು ಹೋದರೆ ಮಫಿನ್ನಿನ ಒಂದು ಪದರವೇ ಕಿತ್ತು ಬರುತ್ತದೆ, ಹಲ್ಲಿಗೆ ಎಳೆತ, ಒಳಗೆ ಹಸಿಹಸಿ ಅಂಟು. ಇಂಥದ್ದನ್ನು ಒಮ್ಮೆ ತಿಂದವರು ಆರೋಗ್ಯದ ತಿಂಡಿಗೆ ರುಚಿಯಿಲ್ಲ ಎಂದು ತೀರ್ಮಾನಿಸಿ ಮರಳಿ ಬೇಕರಿಗೆ ಹೋಗುತ್ತಾರೆ. ಆ ತೀರ್ಮಾನ ಅವಸರದ್ದು. ಎಣ್ಣೆ ಅಲ್ಲಿ ಐದಾರು ಕೆಲಸ ನಿರ್ವಹಿಸುತ್ತಿತ್ತು. ಬಾಳೆಹಣ್ಣು ಅವುಗಳಲ್ಲಿ ಎರಡನ್ನು ಚೆನ್ನಾಗಿಯೂ ಒಂದನ್ನು ಅರೆಬರೆಯಾಗಿಯೂ ಮಾಡುತ್ತದೆ. ಉಳಿದವು ಅದರ ಕೈಲಾಗದವು. ಯಾವ ಕೆಲಸ ಯಾರಿಂದ ಆಗುತ್ತದೆ ಎಂದು ತಿಳಿದುಕೊಂಡರೆ ಎಣ್ಣೆಯನ್ನು ಮೂರನೆಯ ಒಂದು ಪಾಲಿಗೆ ಇಳಿಸಿಯೂ ಮೆತ್ತನೆಯ ಮಫಿನ್ ಮಾಡಬಹುದು.

ಎಣ್ಣೆಯ ಮೊದಲ ಕೆಲಸ, ಎಲ್ಲಕ್ಕಿಂತ ದೊಡ್ಡದು, ಅಡುಗೆಮನೆಯ ಸಿಂಕಿನಲ್ಲೇ ಕಾಣಸಿಗುತ್ತದೆ. ಒಂದು ಹಿಡಿ ಮೈದಾಕ್ಕೆ ನೀರು ಹಾಕಿ ಚೆನ್ನಾಗಿ ನಾದಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಆ ಉಂಡೆಯನ್ನು ಒಂದು ಬೋಗುಣಿ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಹಿಚುಕುತ್ತ ತೊಳೆಯಿರಿ. ನೀರು ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಬದಲಿಸುತ್ತ ತೊಳೆದ ಹಾಗೆ ಉಂಡೆ ಕರಗಿ ಕರಗಿ, ಕೊನೆಗೆ ಬೂದು ಮಿಶ್ರಿತ ಹಳದಿಯ ಒಂದು ಸಣ್ಣ ಮುದ್ದೆ ಕೈಯಲ್ಲಿ ಉಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ, ಎಷ್ಟು ತೊಳೆದರೂ ಕರಗುವುದಿಲ್ಲ. ಇದೇ ಗ್ಲುಟೆನ್. ಇಟಲಿಯ ಬೊಲೊನ್ಯಾ ನಗರದ ಯಾಕೊಪೊ ಬೆಕ್ಕಾರಿ 1728ರಲ್ಲಿ ಗೋಧಿಹಿಟ್ಟನ್ನು ಹೀಗೇ ತೊಳೆದು ಈ ವಸ್ತುವನ್ನು ಬೇರ್ಪಡಿಸಿ ತೋರಿಸಿದ; ಆ ವರದಿ ಅಚ್ಚಾದದ್ದು 1745ರಲ್ಲಿ.

ಈಗ ಇನ್ನೊಂದು ಹಿಡಿ ಮೈದಾ ತೆಗೆದುಕೊಳ್ಳಿ. ನೀರು ಸೋಕಿಸುವ ಮೊದಲು ಒಂದೆರಡು ಚಮಚ ಎಣ್ಣೆ ಹಾಕಿ, ಬೆರಳ ತುದಿಯಲ್ಲಿ ಹಿಟ್ಟಿಗೆಲ್ಲ ಹತ್ತುವಂತೆ ತಿಕ್ಕಿ. ಆಮೇಲೆ ನೀರು ಹಾಕಿ ಕಲಸಿ ತೊಳೆದು ನೋಡಿ. ಈ ಸಲ ಮುದ್ದೆ ಒಂದಾಗಿ ನಿಲ್ಲಲು ಒದ್ದಾಡುತ್ತದೆ, ಚೂರುಚೂರಾಗಿ ಬೆರಳ ಸಂದಿಯಿಂದ ಜಾರುತ್ತದೆ.

ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಒಣಹಿಟ್ಟಿನಲ್ಲಿ ಸುಮ್ಮನೆ ಕುಳಿತಿರುತ್ತವೆ. ನೀರು ಸಿಕ್ಕಾಗ ಅವು ಊದಿ, ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಕೈಯಾಡಿಸಿದಷ್ಟೂ ಬಲೆ ಬಿಗಿಯಾಗುತ್ತದೆ. ಬ್ರೆಡ್ಡಿಗೆ, ಚಪಾತಿಗೆ ಅದು ಬೇಕು; ಮಫಿನ್ನಿಗೆ ಬೇಡ. ಎಣ್ಣೆ ಮೊದಲೇ ಹೋಗಿ ಹಿಟ್ಟಿನ ಕಣಗಳಿಗೆ ತೆಳುವಾಗಿ ಬಳಿದುಕೊಂಡರೆ ನೀರು ಪ್ರೋಟೀನನ್ನು ತಲುಪುವುದು ತಡವಾಗುತ್ತದೆ, ಪ್ರೋಟೀನಿನ ಎಳೆಗಳು ಪರಸ್ಪರ ಕೈ ಹಿಡಿಯುವುದೂ ಕಷ್ಟವಾಗುತ್ತದೆ. ಬಲೆ ಉದ್ದವಾಗಿ ಬೆಳೆಯದೆ ತುಂಡುತುಂಡಾಗಿ ಉಳಿಯುತ್ತದೆ. ನಾವು ಮೆತ್ತಗೆ ಎನ್ನುವುದು ಆ ತುಂಡುತನವನ್ನು.

ನಮ್ಮ ಅಡುಗೆಯವರು ಇದನ್ನು ಎರಡು ತಿಂಡಿಗಳಲ್ಲಿ ಬಹಳ ಹಿಂದಿನಿಂದಲೂ ಮಾಡಿ ತೋರಿಸಿದ್ದಾರೆ. ಶಂಕರಪೋಳಿಗೆ ಮೈದಾದ ಮೇಲೆ ಕಾಸಿದ ತುಪ್ಪ ಹಾಕಿ ಮೊದಲು ತಿಕ್ಕುತ್ತಾರೆ, ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲುತ್ತದೆಯೇ ಎಂದು ನೋಡುತ್ತಾರೆ, ಆಮೇಲಷ್ಟೇ ನೀರೋ ಹಾಲೋ ಹಾಕುತ್ತಾರೆ. ಬಾಯಿಗಿಟ್ಟರೆ ಅದು ಪುಡಿಪುಡಿಯಾಗುತ್ತದೆ. ಹೋಳಿಗೆಯ ಕಣಕದಲ್ಲೂ ಇರುವುದು ಹಿಟ್ಟು, ನೀರು, ಜಿಡ್ಡು ಮೂರೇ. ಎಣ್ಣೆಯಂತೂ ಧಾರಾಳ. ಆದರೆ ಅಲ್ಲಿ ನೀರು ಮೊದಲು ಬೀಳುತ್ತದೆ, ನಾದುವುದು ನಡೆಯುತ್ತದೆ, ಬಲೆ ಹೆಣೆದ ಮೇಲೆ ಎಣ್ಣೆ ಹೊಯ್ದು ನೆನೆಯಲು ಬಿಡುತ್ತಾರೆ. ಹಾಗಾಗಿ ಕಣಕ ಹರಿಯದೆ ಹೂರಣದ ಸುತ್ತ ಪರದೆಯಷ್ಟು ತೆಳ್ಳಗೆ ಹಿಗ್ಗುತ್ತದೆ. ಒಂದು ಉದುರುತ್ತದೆ, ಇನ್ನೊಂದು ಎಳೆದಷ್ಟೂ ಬರುತ್ತದೆ. ಎಷ್ಟು ಜಿಡ್ಡು ಎಂಬುದರಷ್ಟೇ ಅದು ಯಾವಾಗ ಬಿತ್ತು ಎಂಬುದೂ ಮುಖ್ಯ.

ಈ ಅಧ್ಯಾಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೇ. ಮಫಿನ್ನಿನ ರೂಢಿಯ ವಿಧಾನದಲ್ಲಿ ಹಾಲು, ಮೊಟ್ಟೆ, ಎಣ್ಣೆಗಳನ್ನು ಒಂದು ಪಾತ್ರೆಯಲ್ಲಿ ಕದಡಿ ಒಣಹಿಟ್ಟಿಗೆ ಸುರಿಯುತ್ತಾರೆ. ನೀರು ಮತ್ತು ಎಣ್ಣೆ ಒಟ್ಟಿಗೇ ಹಿಟ್ಟನ್ನು ಮುಟ್ಟುತ್ತವೆ. ಎಣ್ಣೆ 110 ಗ್ರಾಂ ಇದ್ದಾಗ ಈ ಪೈಪೋಟಿಯಲ್ಲಿ ಅದಕ್ಕೆ ಸಾಕಷ್ಟು ಪಾಲು ಸಿಗುತ್ತದೆ. ಅದನ್ನು 40 ಗ್ರಾಂಗೆ, ಅಂದರೆ ಮೂರು ದೊಡ್ಡ ಚಮಚಕ್ಕೆ ಇಳಿಸಿ ಹಳೆಯ ಕ್ರಮದಲ್ಲೇ ಕಲಸಿದರೆ ನೀರು ಗೆಲ್ಲುತ್ತದೆ. ಆದ್ದರಿಂದ ಎಣ್ಣೆ ಕಡಿಮೆ ಮಾಡಿದ ದಿನ ಕ್ರಮವನ್ನೂ ಬದಲಿಸಬೇಕು. ಮೈದಾ, ಸಕ್ಕರೆ, ಉಪ್ಪು, ಬೇಕಿಂಗ್ ಪೌಡರ್ ಜರಡಿ ಹಿಡಿದು, ಅದಕ್ಕೆ ಇರುವ ಅಷ್ಟೂ ಎಣ್ಣೆ ಹಾಕಿ, ಶಂಕರಪೋಳಿಗೆ ತಿಕ್ಕಿದ ಹಾಗೆ ತಿಕ್ಕಿ. ಎಲ್ಲೂ ಎಣ್ಣೆಯ ಗಂಟು ಉಳಿಯಬಾರದು. ಹಿಟ್ಟಿನ ಬಣ್ಣ ತುಸು ಗಾಢವಾಗಿ, ಅಲುಗಿಸಿದರೆ ಧೂಳು ಏಳದ ಹದಕ್ಕೆ ಬರಬೇಕು. ನೀರಿನಂಶ ಇರುವ ಎಲ್ಲವೂ ಆಮೇಲೆ. ಅಮೆರಿಕದ ಕೇಕ್ ತಯಾರಕರು ಬೆಣ್ಣೆಯನ್ನು ಇದೇ ರೀತಿ ಮೊದಲು ಹಿಟ್ಟಿಗೆ ಸೇರಿಸುವ ಪದ್ಧತಿಯನ್ನು ಚೆನ್ನಾಗಿ ಬಲ್ಲರು. ಅವರು ಅದನ್ನು ನಯವಾದ ಕೇಕಿಗಾಗಿ ಮಾಡುತ್ತಾರೆ. ನಮಗೆ ಅದು ಜಿಡ್ಡಿನ ಉಳಿತಾಯಕ್ಕೆ ದಾರಿ.

ಎಣ್ಣೆಯನ್ನು ಪೂರ್ತಿ ಬಿಟ್ಟರೆ ಏನು ಎಂದು ಕೇಳುವವರಿದ್ದಾರೆ. ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಬಿಸ್ಕೆಟ್ಟಿನ ಜಿಡ್ಡನ್ನು ಇಳಿಸುವ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಿಡ್ಡು ಕಡಿಮೆಯಾದಂತೆ ಕಣಕ ಗಡುಸಾಗುತ್ತಿತ್ತು. ಅದನ್ನು ಸರಿಪಡಿಸಲು ಅವರು ಪಿಷ್ಟದಿಂದ ತೆಗೆದ ಮಾಲ್ಟೊಡೆಕ್ಸ್‌ಟ್ರಿನ್‌ನಂಥ ಪುಡಿಯ ಜೊತೆಗೆ, ಎಣ್ಣೆ ಮತ್ತು ನೀರನ್ನು ಬೆಸೆಯುವ ಎಮಲ್ಸಿಫೈಯರನ್ನೂ ಸೇರಿಸಿ ನೋಡಿದರು. ಅಷ್ಟಾದರೂ ಸ್ವಲ್ಪ ಜಿಡ್ಡನ್ನು ಉಳಿಸಿಕೊಂಡೇ ಇದ್ದರು. ಪ್ರಯೋಗಾಲಯದ ಕಥೆಯೇ ಹೀಗಿರುವಾಗ ಮನೆಯಲ್ಲಿ ಶೂನ್ಯಕ್ಕೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಜಿಡ್ಡಿನ ಉಳಿದ ಕೆಲಸಗಳಲ್ಲಿ ಪರಿಮಳದ್ದನ್ನು ಮರೆಯುವವರೇ ಹೆಚ್ಚು. ಏಲಕ್ಕಿ, ದಾಲ್ಚಿನ್ನಿ, ವೆನಿಲಾಗಳ ಪರಿಮಳದ ಅಣುಗಳು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತವೆ. ಎಣ್ಣೆ ಅವನ್ನು ಹಿಡಿದಿಟ್ಟುಕೊಂಡು ಬಾಯಲ್ಲಿ ನಿಧಾನವಾಗಿ ಬಿಡುತ್ತದೆ. ಎಣ್ಣೆ ಇಲ್ಲದ ತಿಂಡಿಯಲ್ಲಿ ಪರಿಮಳ ಬೇಯುವಾಗಲೇ ಹಬೆಯ ಜೊತೆ ಹಾರಿಹೋಗುತ್ತದೆ, ಅಥವಾ ಮೊದಲ ತುತ್ತಿನಲ್ಲಿ ಒಮ್ಮೆಲೇ ಮೂಗಿಗೆ ಬಡಿದು ಮರೆಯಾಗುತ್ತದೆ. ಏಲಕ್ಕಿ ಪುಡಿಯನ್ನು ಹಿಟ್ಟಿಗೆ ಉದುರಿಸುವ ಬದಲು ಆ ಮೂರು ಚಮಚ ಎಣ್ಣೆಯಲ್ಲಿ ಕಲಸಿ ಹತ್ತು ನಿಮಿಷ ಇಟ್ಟು, ಆಮೇಲೆ ಹಿಟ್ಟಿಗೆ ತಿಕ್ಕಿದರೆ ಪರಿಮಳ ಎಣ್ಣೆಯಲ್ಲೇ ನೆಲೆ ನಿಲ್ಲುತ್ತದೆ.

ಇನ್ನು ಹಣ್ಣಿನ ವಿಷಯ. ಬಾಳೆಹಣ್ಣಿನ ತಿರುಳಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರು. 300 ಗ್ರಾಂ ತಿರುಳು ಹಾಕಿದರೆ 225 ಗ್ರಾಂ ನೀರನ್ನೇ ಹಾಕಿದಂತೆ. ಒಳಗೆ ಹಸಿಯಾದ ಮಫಿನ್ನಿನ ಗುಟ್ಟು ಇಲ್ಲಿದೆ: ಜನ ಎಣ್ಣೆಯ ಬದಲು ಬಾಳೆಹಣ್ಣು ಹಾಕುತ್ತಾರೆ, ಆದರೆ ಮುಕ್ಕಾಲು ಕಪ್ ಹಾಲನ್ನೂ ಹಾಗೇ ಉಳಿಸಿಕೊಳ್ಳುತ್ತಾರೆ. ಹಣ್ಣು ಬಂದ ಮೇಲೆ ಹಾಲು ಹೋಗಬೇಕು.

ಆ ನೀರು ಲೋಟದಲ್ಲಿನ ನೀರಿನಂತೆ ಸ್ವತಂತ್ರವಾಗಿಲ್ಲ ಎಂಬುದರಲ್ಲಿ ಹಣ್ಣಿನ ಉಪಕಾರ ಅಡಗಿದೆ. ಹಣ್ಣಿನ ಜೀವಕೋಶಗಳ ಗೋಡೆಗಳನ್ನು ಬೆಸೆಯುವ ಪೆಕ್ಟಿನ್ ಎಂಬ ವಸ್ತು ನೀರನ್ನು ತನ್ನ ಉದ್ದನೆಯ ಸರಪಳಿಗಳ ನಡುವೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಹೆಸರಿಟ್ಟವನು ಫ್ರಾನ್ಸಿನ ಆಂರಿ ಬ್ರಾಕೊನೊ, 1825ರಲ್ಲಿ. ಹಣ್ಣು ಮಾಗಿದಂತೆ ಗಟ್ಟಿಯಾಗಿ ಕಚ್ಚಿಕೊಂಡಿದ್ದ ಪೆಕ್ಟಿನ್ ಸಡಿಲಗೊಂಡು ನೀರಿನಲ್ಲಿ ಬೆರೆಯುವಂತಾಗುತ್ತದೆ. ಕಾಯಿ ಮೆತ್ತಗಾಗುವುದು ಅದರಿಂದಲೇ. ಇಂಥ ಪೆಕ್ಟಿನ್ ಮಫಿನ್ನಿನಲ್ಲಿ ತೇವವನ್ನು ಕಾಯುತ್ತದೆ, ನಾಲಗೆಗೆ ಜಾರುವ ನುಣುಪು ಕೊಡುತ್ತದೆ. ಜಿಡ್ಡಿನ ಐದಾರು ಕೆಲಸಗಳಲ್ಲಿ ಹಣ್ಣು ಚೆನ್ನಾಗಿ ಮಾಡುತ್ತದೆ ಎಂದೆನಲ್ಲ, ಆ ಎರಡು ಇವೇ.

ಅರೆಬರೆಯಾಗಿ ಮಾಡುವ ಮೂರನೆಯದು ಗ್ಲುಟೆನ್ನಿನ ಬಿಗಿತ ಇಳಿಸುವುದು, ಅದೂ ಸಕ್ಕರೆಯ ಮೂಲಕ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಪ್ರೋಟೀನಿಗೆ ಸಿಗುವ ನೀರು ಕಡಿಮೆಯಾಗುತ್ತದೆ. ಪಿಷ್ಟದ ಕಣಗಳು ಊದಿ ಗಟ್ಟಿಯಾಗುವ ಉಷ್ಣತೆಯೂ ಮೇಲಕ್ಕೆ ಸರಿಯುತ್ತದೆ, ಉಬ್ಬಲು ಹೆಚ್ಚು ಸಮಯ ದೊರೆಯುತ್ತದೆ. ಹಾಗಾಗಿ ಎಣ್ಣೆ, ಸಕ್ಕರೆ ಎರಡನ್ನೂ ಒಂದೇ ಸಲ ವಿಪರೀತ ಕಡಿತ ಮಾಡಿದರೆ ಮಫಿನ್ ಗಡುಸಾಗದೆ ಇರದು. ಬಾಳೆಹಣ್ಣು ತನ್ನದೇ ಸಕ್ಕರೆ ತರುವುದರಿಂದ ನಮಗೆ ಅಲ್ಲಿ ಸ್ವಲ್ಪ ಅವಕಾಶ ಸಿಗುತ್ತದೆ. ಆದರೆ ಹಣ್ಣು ನಿಜವಾಗಿ ಮಾಗಿರಬೇಕು. ಹಸಿರು ಬಾಳೆಕಾಯಿಯಲ್ಲಿ ತೂಕದ ಸುಮಾರು ಐದನೆಯ ಒಂದು ಭಾಗ ಪಿಷ್ಟ. ಮಾಗುವಾಗ ಹಣ್ಣೇ ಬಿಡುವ ಎಥಿಲೀನ್ ಅನಿಲದ ಪ್ರೇರಣೆಯಿಂದ ಕಿಣ್ವಗಳು ಎದ್ದು ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಪೂರ್ತಿ ಮಾಗಿದ ಹಣ್ಣಿನಲ್ಲಿ ಉಳಿಯುವ ಪಿಷ್ಟ ಅತ್ಯಲ್ಪ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ದಟ್ಟವಾಗಿರುವ, ತೊಟ್ಟು ತಾನಾಗಿ ಬಿಡುವ ಹಣ್ಣನ್ನೇ ಆರಿಸಿಕೊಳ್ಳಿ. ಪಚ್ಚಬಾಳೆಯಾದರೆ ಮೂರು, ಏಲಕ್ಕಿ ಬಾಳೆಯಾದರೆ ಐದಾರು ಹಣ್ಣಿಗೆ 300 ಗ್ರಾಂ ತಿರುಳು ಸಿಗುತ್ತದೆ. ಏಲಕ್ಕಿ ಬಾಳೆಗೆ ಹುಳಿಯ ಒಂದು ಎಳೆ ಇರುವುದರಿಂದ ಮಫಿನ್ನಿನಲ್ಲಿ ಅದರ ರುಚಿ ಹೆಚ್ಚು ತೆರೆದುಕೊಳ್ಳುತ್ತದೆ ಎಂಬುದು ನನ್ನ ಅನಿಸಿಕೆ. ನಂಜನಗೂಡಿನ ರಸಬಾಳೆ ಕೈಗೆ ಸಿಕ್ಕಿದರೆ ದಯವಿಟ್ಟು ಓವನ್ನಿಗೆ ಹಾಕಬೇಡಿ. ಸೊರಗು ರೋಗಕ್ಕೆ ಸಿಕ್ಕಿ ಅದರ ತೋಟಗಳು ಬಹಳ ಕಡಿಮೆಯಾಗಿವೆ. ಆ ಹಣ್ಣನ್ನು ಹಾಗೇ ಸುಲಿದು ತಿನ್ನಬೇಕು.

ಬೇರೆ ಹಣ್ಣುಗಳನ್ನೂ ಬಳಸಬಹುದು, ಆದರೆ ಒಂದೊಂದರ ಸ್ವಭಾವ ಒಂದೊಂದು. ಸೇಬನ್ನು ಸಿಪ್ಪೆ ತೆಗೆದು, ಹೋಳು ಮಾಡಿ, ಎರಡು ಚಮಚ ನೀರಿನಲ್ಲಿ ಮುಚ್ಚಿ ಬೇಯಿಸಿ ಕಿವುಚಿದರೆ ಪೆಕ್ಟಿನ್ ಧಾರಾಳವಾಗಿ ಸಿಗುತ್ತದೆ, ಪರಿಮಳ ಮಾತ್ರ ಸಪ್ಪೆ. ಅನಾನಸನ್ನು ಹಸಿಯಾಗಿ ಹಾಕಬಾರದು. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಪ್ರೋಟೀನನ್ನೇ ಕತ್ತರಿಸುವಂಥದ್ದು. ಮೊಸರಿನ ಜೊತೆ ಕೂಡಿಸಿಟ್ಟರೆ ಕಹಿ ಬರುವುದು ಅದರಿಂದಲೇ. ಐದು ನಿಮಿಷ ಬೇಯಿಸಿದರೆ ಕಿಣ್ವ ಸಾಯುತ್ತದೆ, ಹೆಚ್ಚಿನ ನೀರೂ ಆರುತ್ತದೆ. ನೇರಳೆ ಹಣ್ಣಿನ ಬಣ್ಣ ಆಂಥೊಸಯಾನಿನ್‌ಗಳದು. ಹುಳಿಯಲ್ಲಿ ಅವು ಕೆಂಪು, ಕ್ಷಾರದಲ್ಲಿ ನೀಲಿ, ಹಸಿರು. ಸೋಡಾ ಒಂದು ಚಿಟಿಕೆ ಹೆಚ್ಚಾದರೂ ಹಣ್ಣಿನ ತುಂಡುಗಳ ಸುತ್ತ ಬೂದುಹಸಿರಿನ ಉಂಗುರ ಕಾಣಿಸುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ, ಆದರೆ ಮಕ್ಕಳು ಮುಟ್ಟುವುದಿಲ್ಲ.

ಸೋಡಾದ ಮಾತು ಬಂತು. ಬಾಳೆಹಣ್ಣು ಕಿವುಚಿ, ಹುಳಿಮೊಸರು, ಸಕ್ಕರೆ, ಅಡುಗೆ ಸೋಡಾ, ಮೈದಾ ಸೇರಿಸಿ ಕಲಸಿ, ಹುದುಗಲು ಬಿಟ್ಟು, ಲಟ್ಟಿಸಿ ಕರಿದರೆ ಮಂಗಳೂರು ಬನ್ಸ್. ಕರಾವಳಿಯ ಯಾವ ಹೋಟೆಲಿನಲ್ಲೂ ಬೆಳಗ್ಗೆ ಸಿಗುವ ಈ ತಿಂಡಿಯ ರಸಾಯನವೇ ಮಫಿನ್ನಿನದೂ: ಮೊಸರಿನ ಲ್ಯಾಕ್ಟಿಕ್ ಆಮ್ಲ ಸೋಡಿಯಂ ಬೈಕಾರ್ಬೊನೇಟಿಗೆ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಹುಳಿ ಸಾಲದೆ ಹೋದರೆ ಉಳಿದ ಸೋಡಾ ಓವನ್ನಿನ ಬಿಸಿಗೆ ಸೋಡಿಯಂ ಕಾರ್ಬೊನೇಟ್ ಆಗಿ ಸಾಬೂನಿನ ರುಚಿ ಕೊಡುತ್ತದೆ. ಅರ್ಧ ಕಪ್ ಮೊಸರಿಗೆ ಕಾಲು ಟೀ ಚಮಚ ಸೋಡಾ ಸರಿಹೋಗುತ್ತದೆ. ಉಳಿದ ಉಬ್ಬಿಗೆ ಬೇಕಿಂಗ್ ಪೌಡರ್ ಇದೆ.

ಬೇಕಿಂಗ್ ಪೌಡರ್ ಎಂದರೆ ಸೋಡಾ ಮತ್ತು ಅದಕ್ಕೆ ತಕ್ಕ ಒಣ ಆಮ್ಲವನ್ನು ಪಿಷ್ಟದ ಪುಡಿಯೊಂದಿಗೆ ಬೆರೆಸಿಟ್ಟದ್ದು. ಅದು ಬರುವ ಮೊದಲು ಅಮೆರಿಕದವರು ಮರದ ಬೂದಿಯಿಂದ ತೆಗೆದ ಕ್ಷಾರ ಹಾಕಿ ಕೇಕ್ ಉಬ್ಬಿಸುತ್ತಿದ್ದರು. ಆ ದೇಶ 1790ರಲ್ಲಿ ಕೊಟ್ಟ ಮೊತ್ತಮೊದಲ ಪೇಟೆಂಟ್ ಆ ಕ್ಷಾರವನ್ನು ತಯಾರಿಸುವ ವಿಧಾನಕ್ಕೇ, ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬುವರ ಹೆಸರಿಗೆ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಹೆಂಡತಿಗೂ ಬ್ರೆಡ್ ಸಿಗಲಿ ಎಂದು ಇಂಥದೊಂದು ಪುಡಿ ಮಾಡಿದ. ಜರ್ಮನಿಯಲ್ಲಿ ರಸಾಯನ ವಿಜ್ಞಾನಿ ಲೀಬಿಗ್ ಬಳಿ ಕಲಿತು ಹಾರ್ವರ್ಡಿಗೆ ಬಂದ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಆಮ್ಲಕ್ಕೆ ಪೇಟೆಂಟ್ ಪಡೆದ ಮೇಲೆ ಬೇಕಿಂಗ್ ಪೌಡರ್ ಅಗ್ಗವಾಗಿ ಎಲ್ಲರ ಅಡುಗೆಮನೆ ಸೇರಿತು. ಒಂದೇ ಗಂಟೆಯಲ್ಲಿ ಮಾಡಿ ಮುಗಿಸಬಹುದಾದ ಇವತ್ತಿನ ಮಫಿನ್ ಈ ಪುಡಿಯ ಮಗು.

ಈಗ ಕಲಸುವ ಕ್ರಮ. ಪ್ರಮಾಣ ಹೀಗಿಟ್ಟುಕೊಳ್ಳಿ: ಮೈದಾ 150 ಗ್ರಾಂ, ಗೋಧಿಹಿಟ್ಟು 100, ಸಕ್ಕರೆ 90, ಎಣ್ಣೆ 40, ಬಾಳೆಹಣ್ಣಿನ ತಿರುಳು 300, ಮೊಸರು ಅರ್ಧ ಕಪ್, ಮೊಟ್ಟೆ ಎರಡು, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸೋಡಾ ಕಾಲು, ಉಪ್ಪು ಅರ್ಧ. ಗೋಧಿಹಿಟ್ಟು ನಾರಿಗಾಗಿ, ಜೊತೆಗೆ ಅದರ ತೌಡಿನ ಚೂರುಗಳು ಗ್ಲುಟೆನ್ ಬಲೆಯನ್ನು ಅಲ್ಲಲ್ಲಿ ಕಡಿಯುತ್ತವೆ, ಅದೂ ನಮಗೆ ಅನುಕೂಲವೇ. ಬೇಕಾದರೆ ಅದರಲ್ಲಿ ಅರ್ಧದಷ್ಟನ್ನು ರಾಗಿಹಿಟ್ಟಿನಿಂದ ತುಂಬಿ. ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಮಫಿನ್ ಇನ್ನೂ ಮೆತ್ತಗಾಗುತ್ತದೆ, ಆದರೆ ತೀರಾ ಹೆಚ್ಚಾದರೆ ಉಬ್ಬನ್ನು ಹೊರುವವರೇ ಇರುವುದಿಲ್ಲ. ಮೊಟ್ಟೆಯಲ್ಲಿ ಜಿಡ್ಡಿದೆಯೆಂದು ಹಳದಿ ಬಿಟ್ಟು ಬಿಳಿಯನ್ನಷ್ಟೇ ಹಾಕುವವರಿದ್ದಾರೆ. ಒಂದು ಹಳದಿಯಲ್ಲಿ ಇರುವುದು ಐದು ಗ್ರಾಂ ಕೊಬ್ಬು. ಆದರೆ ಎಣ್ಣೆ ಮತ್ತು ನೀರನ್ನು ಕೂಡಿಸಿ ಹಿಡಿಯುವ ಲೆಸಿಥಿನ್ ಇರುವುದೂ ಅಲ್ಲೇ, ಬರೀ ಬಿಳಿ ಬೆಂದಾಗ ಬಿರುಸಾಗುತ್ತದೆ. ಹಳದಿ ಇರಲಿ. ಮೊಟ್ಟೆ ತಿನ್ನದ ಮನೆಗಳಲ್ಲಿ ಅದರ ಬದಲು ಇನ್ನೂ ಕಾಲು ಕಪ್ ಗಟ್ಟಿಮೊಸರು, ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚಿಗೆ ಹಾಕಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಎಣ್ಣೆ ತಿಕ್ಕಿದ ಹಿಟ್ಟಿನ ನಡುವೆ ಗುಳಿ ಮಾಡಿ ಬಾಳೆಹಣ್ಣು, ಮೊಸರು, ಮೊಟ್ಟೆಯ ಮಿಶ್ರಣ ಸುರಿಯಿರಿ. ಅಗಲ ಚಮಚದಿಂದ ಅಡಿಯಿಂದ ಮೇಲಕ್ಕೆ ಮಗುಚಿ. ಒಣಹಿಟ್ಟು ಕಾಣದಾಯಿತೆಂದರೆ ನಿಲ್ಲಿಸಿ. ಸಣ್ಣಪುಟ್ಟ ಗಂಟುಗಳಿದ್ದರೆ ಇರಲಿ. ಗಂಟಿಲ್ಲದ ಹಾಗೆ ಕದಡುವ ಅಭ್ಯಾಸ ಇಲ್ಲಿ ಶತ್ರು. ಮಿಕ್ಸಿ, ಬೀಟರ್ ಹತ್ತಿರವೂ ತರಬೇಡಿ. ಹೆಚ್ಚು ಕಲಸಿದ ಮಫಿನ್ನನ್ನು ಹೊರಗಿನಿಂದಲೇ ಗುರುತಿಸಬಹುದು, ತುದಿ ಶಿಖರದಂತೆ ಮೊನಚಾಗಿರುತ್ತದೆ. ಉದ್ದಕ್ಕೆ ಕೊಯ್ದರೆ ತಳದಿಂದ ತುದಿಯ ಕಡೆಗೆ ಹೋಗುವ ಉದ್ದುದ್ದ ಸುರಂಗಗಳು ಕಾಣುತ್ತವೆ. ಬಿಗಿಯಾದ ಗ್ಲುಟೆನ್ ಗಾಳಿಗುಳ್ಳೆಗಳನ್ನು ಅಲ್ಲಲ್ಲೇ ಹರಡಲು ಬಿಡದೆ ಒಂದರೊಳಗೊಂದು ಸೇರಿಸಿ ಮೇಲಕ್ಕೆ ತಳ್ಳಿದ ಗುರುತು ಅವು. ಜಿಡ್ಡು ಕಡಿಮೆ ಇದ್ದಷ್ಟೂ ಸುರಂಗಗಳು ಬೇಗ ಹುಟ್ಟುತ್ತವೆ.

ಕಲಸಿದ ಮೇಲೆ ತಡ ಮಾಡಬಾರದು. ಮೊಸರು ಮತ್ತು ಸೋಡಾ ಆಗಲೇ ಕೆಲಸ ಶುರುಮಾಡಿರುತ್ತವೆ. ಓಟಿಜಿ ಓವನ್ನನ್ನು ಮೊದಲೇ 190 ಡಿಗ್ರಿಗೆ ಕಾಯಿಸಿಟ್ಟಿರಬೇಕು. ಹಿಟ್ಟು ಒಳಗೆ ಹೋದ ಐದಾರು ನಿಮಿಷಕ್ಕೆ 175ಕ್ಕೆ ಇಳಿಸಿ. ಮೊದಲಿನ ಜೋರು ಬಿಸಿ ಮೇಲ್ಭಾಗವನ್ನು ಗುಮ್ಮಟದಂತೆ ಎತ್ತಲಿಕ್ಕೆ. ಆಮೇಲೆ ಇಳಿಸುವುದು ಹಣ್ಣಿನ ಸಕ್ಕರೆಯ ಕಾರಣಕ್ಕೆ. ಹಣ್ಣಿನಲ್ಲಿರುವ ಗ್ಲುಕೋಸ್, ಫ್ರಕ್ಟೋಸ್‌ಗಳು ಪ್ರೋಟೀನಿನ ಜೊತೆ ಸೇರಿ ಕಂದುಬಣ್ಣ ತರುವ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಲೂಯಿ ಕಾಮಿಲ್ ಮಯಾರ್. ಸಾದಾ ಸಕ್ಕರೆಗಿಂತ ಇವು ಆ ಕ್ರಿಯೆಯಲ್ಲಿ ಚುರುಕು. ನೀರಿನಂಶ ಹೆಚ್ಚಿರುವ ಒಳಭಾಗ ಬೇಯುವ ಮೊದಲೇ ಹೊರಗೆ ಕಪ್ಪಾಗಿಬಿಡುವ ಅಪಾಯ ಇರುತ್ತದೆ. ಓವನ್ ಎಷ್ಟೇ ಬಿಸಿಯಿದ್ದರೂ ಮಫಿನ್ನಿನ ನಡುಭಾಗ ನೀರಿನ ಕುದಿಬಿಂದುವನ್ನು ದಾಟುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆ ಬಿಂದು 97 ಡಿಗ್ರಿಯ ಆಸುಪಾಸು, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಅಲ್ಲೆಲ್ಲ ಎರಡು ಮೂರು ನಿಮಿಷ ಹೆಚ್ಚು ಬೇಯಿಸುವುದು ಒಳ್ಳೆಯದು. ಕಡ್ಡಿ ಚುಚ್ಚಿ ತೆಗೆದಾಗ ಹಸಿಹಿಟ್ಟು ಅಂಟಿರಬಾರದು; ಒಂದೆರಡು ತೇವದ ಪುಡಿ ಅಂಟಿದ್ದರೆ ಸರಿಯಾಗಿ ಬೆಂದಿದೆ. ಪೇಪರ್ ಕಪ್ಪಿನ ಒಳಮೈಗೆ ತೆಳ್ಳಗೆ ಎಣ್ಣೆ ಸವರಿಡಿ. ಜಿಡ್ಡು ಕಡಿಮೆಯ ಮಫಿನ್ ಬಿಸಿಯಲ್ಲಿ ಪೇಪರ್ ಬಿಡುವುದಿಲ್ಲ, ಪೂರ್ತಿ ಆರಿದ ಮೇಲೆ ಬಿಡಿಸಿ.

ಇಷ್ಟೆಲ್ಲ ಮಾಡಿ ಗಳಿಸಿದ್ದೆಷ್ಟು? ಲೆಕ್ಕ ಹಾಕಿದರೆ ಮೊದಲಿನ ಮಫಿನ್ನಿನಲ್ಲಿ ಸುಮಾರು 11 ಗ್ರಾಂ ಕೊಬ್ಬು, 230 ಕಿಲೊಕ್ಯಾಲೊರಿ. ಹೊಸದರಲ್ಲಿ 5 ಗ್ರಾಂ ಕೊಬ್ಬು, 175 ಕಿಲೊಕ್ಯಾಲೊರಿ. ಕೊಬ್ಬು ಅರ್ಧಕ್ಕಿಂತ ಕೆಳಗೆ ಇಳಿಯಿತು, ಆದರೆ ಒಟ್ಟು ಶಕ್ತಿ ಕಾಲು ಭಾಗದಷ್ಟು ಮಾತ್ರ. ಹಣ್ಣು ತನ್ನ ಪಾಲಿನ ಸಕ್ಕರೆ ತಂದಿದೆ, ಹಿಟ್ಟು ಮೊದಲಿನಷ್ಟೇ ಇದೆ. ಕಡಿಮೆ ಜಿಡ್ಡು ಎಂಬ ಕಾರಣಕ್ಕೆ ಎರಡು ತಿಂದವರಿಗೆ ಉಳಿತಾಯ ಹೋಗಿ ನಷ್ಟವೇ ಆಯಿತು. ಅಮೆರಿಕದಲ್ಲಿ ಇದು ದೊಡ್ಡ ಮಟ್ಟದಲ್ಲೇ ನಡೆದಿದೆ. 1992ರಲ್ಲಿ ನಬಿಸ್ಕೊ ಕಂಪನಿ ಜಿಡ್ಡಿಲ್ಲದ, ಕಡಿಮೆ ಜಿಡ್ಡಿನ ಕುಕೀಗಳನ್ನು ಸ್ನ್ಯಾಕ್‌ವೆಲ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಜಿಡ್ಡಿನ ಜಾಗಕ್ಕೆ ಸಕ್ಕರೆ ಬಂದಿತ್ತು, ಜನ ಡಬ್ಬಿಗಟ್ಟಲೆ ತಿಂದರು. ಆರೋಗ್ಯದ ತಿಂಡಿಯೆಂಬ ಧೈರ್ಯದಲ್ಲಿ ಮಿತಿ ಮೀರಿ ತಿನ್ನುವುದಕ್ಕೆ ಆ ಬ್ರ್ಯಾಂಡಿನ ಹೆಸರೇ ಅಂಟಿಕೊಂಡಿತು. ಕೊಬ್ಬಿಗೇ ಬದಲಿ ಹುಡುಕುವ ಪ್ರಯತ್ನವೂ ನಡೆಯಿತು: ಸಕ್ಕರೆಗೆ ಕೊಬ್ಬಿನಾಮ್ಲಗಳನ್ನು ಜೋಡಿಸಿ ಮಾಡಿದ, ಜೀರ್ಣವೇ ಆಗದ ಓಲೆಸ್ಟ್ರಾಕ್ಕೆ 1996ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು, ಹೊಟ್ಟೆ ಕೆಡಬಹುದೆಂಬ ಎಚ್ಚರಿಕೆಯ ಚೀಟಿಯೊಂದಿಗೆ. ಬಾಳೆಹಣ್ಣಿಗೆ ಅಂಥ ಚೀಟಿ ಬೇಕಿಲ್ಲ.

ಉಳಿದ 40 ಗ್ರಾಂ ಯಾವ ಜಿಡ್ಡು ಎಂಬುದೂ ಗಮನಿಸಬೇಕಾದದ್ದೇ. ವನಸ್ಪತಿ, ಮಾರ್ಗರಿನ್‌ಗಳನ್ನು ಮನೆಗೆ ತರಬೇಡಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು 2022ರಿಂದ ಶೇ 2ನ್ನು ಮೀರದಂತೆ ಮಿತಿ ಹಾಕಿದೆ. ಮಿತಿ ಬಂದರೂ ಅವು ಹೃದಯಕ್ಕೆ ಒಗ್ಗದ ಗಟ್ಟಿಕೊಬ್ಬುಗಳೇ. ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಸಾಕು. ಹಿಟ್ಟಿಗೆ ತಿಕ್ಕಲೂ ದ್ರವರೂಪದ ಎಣ್ಣೆಯೇ ಸುಲಭ.

ಹಣ್ಣಿನಿಂದ ಆಗದ ಇನ್ನೊಂದು ಕೆಲಸವಿದೆ: ಹಳಸುವುದನ್ನು ತಡೆಯುವುದು. ಬೆಂದಾಗ ನೀರು ಕುಡಿದು ಊದಿದ ಪಿಷ್ಟ, ಆರುತ್ತ ಹೋದಂತೆ ಮತ್ತೆ ಹರಳುಗಟ್ಟುತ್ತದೆ, ಮಫಿನ್ ಗಡುಸಾಗುತ್ತದೆ. ಜಿಡ್ಡು ಇದನ್ನು ನಿಧಾನಗೊಳಿಸುತ್ತದೆ. ಜಿಡ್ಡು ಕಡಿಮೆ ಮಾಡಿದವರು ಇದಕ್ಕೆ ಸಿದ್ಧರಿರಬೇಕು. ಫ್ರಿಜ್ಜಿನಲ್ಲಿಟ್ಟರೆ ತಾಜಾ ಉಳಿಯುತ್ತದೆ ಎಂದುಕೊಳ್ಳುವುದು ತಪ್ಪು. ಪಿಷ್ಟ ಅತಿ ಬೇಗ ಹರಳುಗಟ್ಟುವುದು ಫ್ರಿಜ್ಜಿನ ನಾಲ್ಕೈದು ಡಿಗ್ರಿಯ ತಂಪಿನಲ್ಲೇ. ಹೊರಗಿಟ್ಟರೆ ಹಣ್ಣಿನ ತೇವಕ್ಕೆ ಮಳೆಗಾಲದಲ್ಲಿ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಎರಡು ದಿನಕ್ಕಾಗುವಷ್ಟನ್ನು ಪೂರ್ತಿ ಆರಿಸಿ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಒಂದೊಂದಾಗಿ ಸುತ್ತಿ ಅದೇ ದಿನ ಫ್ರೀಜರಿಗೆ ಹಾಕಿ. ಅಲ್ಲಿನ ಮೈನಸ್ 18 ಡಿಗ್ರಿಯಲ್ಲಿ ನೀರಿನ ಓಡಾಟವೇ ನಿಂತುಹೋಗುವುದರಿಂದ ಹರಳುಗಟ್ಟುವುದೂ ನಿಲ್ಲುತ್ತದೆ. ಬೇಕಾದಾಗ ತೆಗೆದು 150 ಡಿಗ್ರಿಯ ಓವನ್ನಿನಲ್ಲಿ ಹತ್ತು ಹನ್ನೆರಡು ನಿಮಿಷ ಬಿಸಿ ಮಾಡಿ. ಒಳಭಾಗ 60 ಡಿಗ್ರಿ ದಾಟಿದಾಗ ಪಿಷ್ಟದ ಹರಳುಗಳು ಕರಗಿ ಮಫಿನ್ ಮತ್ತೆ ಮೆತ್ತಗಾಗುತ್ತದೆ. ಬಿಸಿಯಿರುವಾಗಲೇ ತಿಂದುಬಿಡಿ, ಎರಡನೆಯ ಸಲ ಆರಿದರೆ ಅದು ಮೊದಲಿಗಿಂತ ಬೇಗ ಗಡುಸಾಗುತ್ತದೆ.